ಮೊಬೈಲಿನ ತಲೆಗೆ ಕಟ್ಟಿದ ತಪ್ಪು

ಬೆಂಗಳೂರಿನ ಯಾವ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ, ಯಾವ ಪುಸ್ತಕ ಬಿಡುಗಡೆಯಲ್ಲಿ ಕುಳಿತರೂ ಒಂದು ಮಾತು ತಪ್ಪುವುದಿಲ್ಲ. ‘ಈಗಿನ ಮಕ್ಕಳು ಓದುವುದಿಲ್ಲ, ಮೊಬೈಲ್ ಅವರನ್ನು ಹಾಳು ಮಾಡಿದೆ.’ ಹೇಳಿದವರು ನಿಟ್ಟುಸಿರು ಬಿಡುತ್ತಾರೆ, ಕೇಳಿದವರು ತಲೆಯಾಡಿಸುತ್ತಾರೆ, ನಿರೂಪಕರು ಮುಂದಿನ ಅತಿಥಿಯನ್ನು ಮೈಕಿಗೆ ಕರೆಯುತ್ತಾರೆ. ಸಾಹಿತಿಗಳು, ಮುಖ್ಯೋಪಾಧ್ಯಾಯರು, ಶಾಸಕರು, ಪೋಷಕರು ಎಲ್ಲರೂ ಒಪ್ಪಿಕೊಂಡಿರುವ ಮಾತಿದು. ಇಷ್ಟೊಂದು ಜನ ಇಷ್ಟು ಸಲೀಸಾಗಿ ಒಪ್ಪಿದ್ದಾರೆ ಎಂಬ ಕಾರಣಕ್ಕೇ ಅದನ್ನು ಸ್ವಲ್ಪ ಅಲ್ಲಾಡಿಸಿ ನೋಡಬೇಕು.

ಆ ಒಂದು ಮಾತಿನೊಳಗೆ ಮೂರು ನಂಬಿಕೆಗಳು ಅಡಗಿವೆ. ಮೊದಲನೆಯದು: ನಗರದ ಮಕ್ಕಳಿಗೆ ಓದಲು ಬರುತ್ತದೆ, ಅಕ್ಷರದ ಸಮಸ್ಯೆಯೇನಿದ್ದರೂ ಹಳ್ಳಿಯದು. ಎರಡನೆಯದು: ಬರುವ ಓದನ್ನು ಮೊಬೈಲ್ ಕಿತ್ತುಕೊಂಡಿದೆ. ಮೂರನೆಯದು: ದೊಡ್ಡವರು ನಾಲ್ಕು ಬುದ್ಧಿಮಾತು ಹೇಳಿದರೆ ಮಕ್ಕಳು ಪುಸ್ತಕಕ್ಕೆ ಮರಳುತ್ತಾರೆ. ಈ ಮೂರೂ ಸುಳ್ಳು. ಸುಳ್ಳಾದರೂ ಇವು ಬಾಳಿಕೆ ಬಂದಿರುವುದೇಕೆಂದರೆ, ಇವನ್ನು ನಂಬಿದರೆ ಯಾರೂ ಏನೂ ಮಾಡಬೇಕಾಗಿಲ್ಲ. ಪಾಲಿಕೆ ಗ್ರಂಥಾಲಯ ಕಟ್ಟಬೇಕಿಲ್ಲ, ಶಾಲೆ ವೇಳಾಪಟ್ಟಿ ಬದಲಿಸಬೇಕಿಲ್ಲ, ಲೇಖಕ ಮಕ್ಕಳಿಗಾಗಿ ಬರೆಯಬೇಕಿಲ್ಲ. ತಪ್ಪೆಲ್ಲ ಹತ್ತು ವರ್ಷದ ಮಗುವಿನದು ಮತ್ತು ಅದರ ಕೈಯಲ್ಲಿರುವ ಯಂತ್ರದ್ದು.

ಮೊದಲನೆಯ ನಂಬಿಕೆಯಿಂದಲೇ ಶುರು ಮಾಡೋಣ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ 87.67. ರಾಜ್ಯದ ಸರಾಸರಿ ಶೇ 75.36. ಈ ಎರಡು ಅಂಕಿಗಳ ನಡುವಿನ ಅಂತರವೇ ನಗರದ ನೆಮ್ಮದಿಗೆ ಆಧಾರ. ಆದರೆ ಜನಗಣತಿ ಸಾಕ್ಷರತೆಯನ್ನು ಅಳೆಯುವ ಬಗೆ ನೋಡಿ. ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥವಾಗುವಂತೆ ಓದಿ ಬರೆಯಬಲ್ಲರೆ ಎಂದು ಮನೆಯವರನ್ನು ಕೇಳುತ್ತಾರೆ. ಬರುತ್ತದೆ ಎಂದರೆ ಬರುತ್ತದೆ. ಎಣಿಕೆದಾರರು ಯಾರ ಕೈಗೂ ಒಂದು ಪುಟ ಕೊಟ್ಟು ಓದಿಸುವುದಿಲ್ಲ. ಮಗ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿರುವಾಗ ಯಾವ ತಾಯಿ ತಾನೇ ‘ಇವನಿಗೆ ಓದಲು ಬರುವುದಿಲ್ಲ’ ಎಂದು ಬರೆಸುತ್ತಾಳೆ?

ಓದಿಸಿ ನೋಡುವ ಸಮೀಕ್ಷೆಯೂ ನಮ್ಮಲ್ಲಿದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯವರು ಮನೆ ಬಾಗಿಲಿಗೆ ಹೋಗಿ, ಮಗುವನ್ನು ಕೂರಿಸಿಕೊಂಡು, ಅಕ್ಷರ, ಪದ, ಸಣ್ಣ ಪ್ಯಾರಾ, ಪುಟ್ಟ ಕಥೆ ಹೀಗೆ ಒಂದೊಂದಾಗಿ ಓದಿಸುತ್ತಾರೆ. 2024ರ ವರದಿಯಂತೆ ದೇಶದ ಗ್ರಾಮೀಣ ಭಾಗದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಮಟ್ಟದ ಪುಟ್ಟ ಕಥೆಯನ್ನು ಓದಬಲ್ಲವರು ಅರ್ಧಕ್ಕಿಂತ ತುಸು ಕಡಿಮೆ. ಹಳ್ಳಿಯ ಸ್ಥಿತಿ ನಮಗೆ ತಿಳಿದಿರುವುದು ಯಾರೋ ಹೋಗಿ ನೋಡಿದ್ದಾರೆ ಎಂಬುದರಿಂದ. ನಗರಕ್ಕೆ ವರ್ಷ ವರ್ಷ ಹೀಗೆ ಮನೆ ಮನೆಗೆ ಹೋಗಿ ಓದಿಸುವ ಸಮೀಕ್ಷೆಯೇ ಇಲ್ಲ. ನೋಡದೆ ಇದ್ದುದನ್ನು ನಾವು ಇಲ್ಲ ಎಂದುಕೊಂಡಿದ್ದೇವೆ.

ಬೆಂಗಳೂರಿನ ತಣಿಸಂದ್ರವನ್ನೇ ತೆಗೆದುಕೊಳ್ಳಿ. ನಾಗವಾರದಿಂದ ಉತ್ತರಕ್ಕೆ ಹೊರಟ ಮುಖ್ಯರಸ್ತೆಯ ಒಂದು ಮಗ್ಗುಲಿಗೆ ಮಾನ್ಯತಾ ಟೆಕ್ ಪಾರ್ಕು, ಮುಂದೆ ಹೋದಂತೆ ಎರಡೂ ಕಡೆ ಅಪಾರ್ಟ್‌ಮೆಂಟುಗಳು, ಅವುಗಳ ನಡುವೆ ಹಳೆಯ ಊರು, ಬಾಡಿಗೆ ವಠಾರಗಳು, ಕಟ್ಟಡ ಕಾರ್ಮಿಕರ ಶೆಡ್ಡುಗಳು. ಸಾರಾಯಿಪಾಳ್ಯ, ಹೆಗಡೆನಗರ, ರಾಚೇನಹಳ್ಳಿ, ಸಂಪಿಗೆಹಳ್ಳಿ ಎಲ್ಲವೂ ಕೂಗಳತೆಯಲ್ಲಿ. ಇಲ್ಲಿನ ಒಂದು ತರಗತಿಯಲ್ಲಿ ಮನೆಯಲ್ಲಿ ಉರ್ದು ಆಡುವ ಮಗು, ತೆಲುಗು ಆಡುವ ಮಗು, ತಮಿಳು ಆಡುವ ಮಗು, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರ ಮನೆಯ ಕನ್ನಡದ ಮಗು, ಬಿಹಾರದಿಂದ ಬಂದ ಸೆಕ್ಯೂರಿಟಿ ಗಾರ್ಡಿನ ಮಗು ಒಂದೇ ಬೆಂಚಿನಲ್ಲಿ ಕೂರುವುದು ಸಾಮಾನ್ಯ. ಇವರಿಗೆಲ್ಲ ಪಾಠ ಇಂಗ್ಲಿಷಿನಲ್ಲಿ. ಎರಡನೆಯ ಭಾಷೆ ಕನ್ನಡ. ಹಲವು ಶಾಲೆಗಳಲ್ಲಿ ಸಣ್ಣ ತರಗತಿಯಿಂದಲೇ ಹಿಂದಿ. ಎಂಟು ವರ್ಷದ ಮಗುವಿಗೆ ಮೂರು ಲಿಪಿ, ಹಲವರಿಗೆ ಒಂದೂ ಮನೆಯದಲ್ಲ. ಇಂಥ ತರಗತಿಯಲ್ಲಿ ಓದು ತಾನಾಗಿ ಬಂದುಬಿಡುತ್ತದೆ ಎಂದು ನಂಬುವುದಕ್ಕೆ ಬಹಳ ಧೈರ್ಯ ಬೇಕು.

ಕನ್ನಡದ ಲಿಪಿಯ ಕಥೆಯನ್ನೂ ಇಲ್ಲಿ ಹೇಳಬೇಕು. ವರ್ಣಮಾಲೆ 49 ಅಕ್ಷರ ಎಂದು ನಾವು ಹಗುರಾಗಿ ಹೇಳುತ್ತೇವೆ. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಆರಂಭದ ಓದಿನ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದನ್ನೇ. ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರುವುದು ನಿಧಾನ. ನಾಲ್ಕನೇ ತರಗತಿಯವರೆಗೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ. ನಮ್ಮ ಶಾಲೆಗಳು ಮಾತ್ರ ಒಂದನೇ ತರಗತಿಯಲ್ಲಿ ಅಕ್ಷರ, ಎರಡರಲ್ಲಿ ಒತ್ತಕ್ಷರ ಎಂದು ಮುಗಿಸಿ, ಮೂರರಿಂದ ‘ಪಾಠ’ಕ್ಕೆ ಇಳಿದುಬಿಡುತ್ತವೆ. ಹಿಂದೆ ಬಿದ್ದ ಮಗು ಅಲ್ಲಿಂದ ಮುಂದೆ ಓದುವುದಿಲ್ಲ, ಬರೆಯುತ್ತದೆ. ಬೋರ್ಡಿನಿಂದ ನೋಟ್ಸ್ ಇಳಿಸಿಕೊಳ್ಳುತ್ತದೆ, ಪ್ರಶ್ನೋತ್ತರ ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಅದನ್ನೇ ಇಳಿಸುತ್ತದೆ. ಕೈಬರಹ ದುಂಡಗಿರುತ್ತದೆ, ಮಾರ್ಕ್ಸ್ ಕಾರ್ಡಿನಲ್ಲಿ ಎಪ್ಪತ್ತು ಬಂದಿರುತ್ತದೆ. ಕಾಣದ ಒಂದು ಪುಟವನ್ನು ಕೊಟ್ಟು ‘ಓದು ಕಂದ’ ಎಂದರೆ ಬೆವರುತ್ತದೆ.

ಇದರ ಮೇಲೆ ಕೋವಿಡ್. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಕ್ಷರ ಕಲಿಯುವ ವಯಸ್ಸಿನ ಒಂದೂವರೆ ವರ್ಷ ಹಾರಿಹೋಯಿತು. ಆಗ ಒಂದನೇ ತರಗತಿಗೆ ಸೇರಬೇಕಾಗಿದ್ದ ಮಕ್ಕಳು ಈಗ ಮಾಧ್ಯಮಿಕ ತರಗತಿಗಳಲ್ಲಿದ್ದಾರೆ. ಅವರಲ್ಲಿ ಯಾರಿಗೆ ಓದು ಕೂಡಿಬಂತು, ಯಾರಿಗೆ ಬರಲಿಲ್ಲ ಎಂದು ಒಬ್ಬೊಬ್ಬರನ್ನೇ ಕೂರಿಸಿ ನೋಡಿದ ಶಾಲೆಗಳು ವಿರಳ. ಓದು ಬಾರದ ಮಗುವನ್ನು ನಾವು ‘ಓದದ ಮಗು’ ಎಂದು ಕರೆಯುತ್ತಿದ್ದೇವೆ. ಎರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ.

ಇನ್ನು ಎರಡನೆಯ ನಂಬಿಕೆ, ಮೊಬೈಲ್. ಮೊಬೈಲ್ ಮಕ್ಕಳ ಹೊತ್ತು ತಿನ್ನುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ತಿನ್ನುತ್ತಿದೆ, ದೊಡ್ಡವರ ಹೊತ್ತನ್ನು ಇನ್ನೂ ಹೆಚ್ಚು ತಿನ್ನುತ್ತಿದೆ. ಪ್ರಶ್ನೆ ಅದಲ್ಲ. ಮೊಬೈಲ್ ಬರುವ ಮುಂಚೆ ಮಕ್ಕಳು ಓದುತ್ತಿದ್ದರೇ? ಮೇಲೆ ಹೇಳಿದ ಅಸರ್ ಸಮೀಕ್ಷೆಯನ್ನೇ ಹಿಂದಕ್ಕೆ ತಿರುಗಿಸಿ ನೋಡಿ. 2006ರಲ್ಲಿ, ಸ್ಮಾರ್ಟ್‌ಫೋನ್ ಎಂಬ ಹೆಸರೇ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲದಲ್ಲಿ, ಐದನೇ ತರಗತಿಯಲ್ಲಿ ಆ ಪುಟ್ಟ ಕಥೆ ಓದಬಲ್ಲವರು ಅರ್ಧದ ಆಸುಪಾಸು. 2012ಕ್ಕೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅಗ್ಗದ ಡೇಟಾ ಮನೆ ಮನೆಗೆ ಬಂದದ್ದು 2016ರ ಕೊನೆಯಲ್ಲಿ. ಕಳ್ಳ ಊರಿಗೆ ಬರುವ ನಾಲ್ಕು ವರ್ಷ ಮುಂಚೆಯೇ ಕಳವು ನಡೆದಿದ್ದರೆ ಯಾವ ನ್ಯಾಯಾಲಯವೂ ಅವನನ್ನು ಜೈಲಿಗೆ ಹಾಕುವುದಿಲ್ಲ.

ನಮ್ಮ ಸಮಾಜಕ್ಕೆ ಹೀಗೆ ಯಾವುದಾದರೂ ಒಂದು ಯಂತ್ರವನ್ನು ಕಟಕಟೆಗೆ ನಿಲ್ಲಿಸುವುದು ಹಳೆಯ ಚಾಳಿ. ಒಂದು ಕಾಲಕ್ಕೆ ಸಿನಿಮಾ ಮಕ್ಕಳನ್ನು ಕೆಡಿಸಿತು. 1981ರಲ್ಲಿ ಬೆಂಗಳೂರು ದೂರದರ್ಶನ ಬಂದಮೇಲೆ ಟಿ.ವಿ. ಕೆಡಿಸಿತು. ಆಮೇಲೆ ಕೇಬಲ್, ಆಮೇಲೆ ವಿಡಿಯೊ ಗೇಮ್, ಈಗ ರೀಲ್ಸ್. ಪ್ರತಿ ಸಲವೂ ಆರೋಪಿ ಬದಲಾಗಿದ್ದಾನೆ, ದೂರು ಕೊಟ್ಟವರು ಮಾತ್ರ ಅವರೇ. ಪರದೆ ಓದಿನ ಹುಟ್ಟು ಶತ್ರುವೂ ಅಲ್ಲ. ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿಯವರು 1996ರಲ್ಲಿ ಒಂದು ಸರಳ ಯೋಚನೆ ಮುಂದಿಟ್ಟರು: ಟಿ.ವಿ.ಯಲ್ಲಿ ಬರುವ ಸಿನಿಮಾ ಹಾಡಿನ ಕೆಳಗೆ ಅದೇ ಭಾಷೆಯಲ್ಲಿ ಸಾಹಿತ್ಯ ಮೂಡಿಬರಲಿ, ಹಾಡು ಬಾಯಿಗೆ ಬರುವವರಿಗೆ ಅಕ್ಷರ ಕಣ್ಣಿಗೆ ಹತ್ತಲಿ. ಬೆಂಗಳೂರಿನಲ್ಲೇ ಹುಟ್ಟಿದ ಪ್ರಥಮ್ ಬುಕ್ಸ್ 2015ರಿಂದ ‘ಸ್ಟೋರಿವೀವರ್’ ಮೂಲಕ ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಕಥೆಗಳನ್ನು ಓದಿನ ಹಂತ ಹಂತವಾಗಿ ಜೋಡಿಸಿ ಉಚಿತವಾಗಿ ಇಟ್ಟಿದೆ. ಅದೂ ಮೊಬೈಲಿನಲ್ಲೇ ತೆರೆಯುತ್ತದೆ. ಮೊಬೈಲನ್ನು ಬಯ್ಯುವ ಎಷ್ಟು ಭಾಷಣಕಾರರು ಅದರ ಹೆಸರನ್ನು ಆ ಮಕ್ಕಳಿಗೆ ಹೇಳಿದ್ದಾರೆ?

ಮೊಬೈಲ್ ಬೇಡ ಎಂದರೆ ಆ ಮಗುವಿನ ಕೈಗೆ ಏನು ಕೊಡುತ್ತೀರಿ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸುಮ್ಮನಿದ್ದಾರೆ. ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ದ ಕನ್ನಡ ಆವೃತ್ತಿ 1949ರಲ್ಲಿ ಶುರುವಾಗಿತ್ತು, ಅದು ನಿಂತು ಹತ್ತು ವರ್ಷಕ್ಕೂ ಮೇಲಾಯಿತು. ಅದರ ಜಾಗಕ್ಕೆ ಅಷ್ಟು ಮನೆಗಳನ್ನು ಮುಟ್ಟುವ ಮತ್ತೊಂದು ಬರಲಿಲ್ಲ. ಅಪಾರ್ಟ್‌ಮೆಂಟಿನ ಮಗುವಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಪುಸ್ತಕ ತರಿಸಬಹುದು. ಶೆಡ್ಡಿನ ಮಗುವಿಗೆ, ವಠಾರದ ಮಗುವಿಗೆ ಪಠ್ಯಪುಸ್ತಕ ಬಿಟ್ಟರೆ ಮನೆಯಲ್ಲಿ ಅಚ್ಚಾದ ಹಾಳೆಯೆಂದರೆ ಕ್ಯಾಲೆಂಡರ್ ಮತ್ತು ಕರೆಂಟ್ ಬಿಲ್.

ಗ್ರಂಥಾಲಯವಿದೆಯಲ್ಲ ಎನ್ನುತ್ತೀರೇನೋ. ಅದರ ಲೆಕ್ಕವನ್ನು ಬಿಡಿಸಿಯೇ ನೋಡೋಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ತಣಿಸಂದ್ರದ ಪ್ರತಿ ಮನೆ, ಪ್ರತಿ ಫ್ಲ್ಯಾಟ್, ಪ್ರತಿ ಅಂಗಡಿ, ಟೆಕ್ ಪಾರ್ಕಿನ ಪ್ರತಿ ಕಟ್ಟಡ ಅದನ್ನು ತೆರುತ್ತದೆ. ಹಾಗೆ ವಸೂಲಾದ ಹಣವನ್ನು ಆಗಿನ ಬಿಬಿಎಂಪಿ ಗ್ರಂಥಾಲಯ ಇಲಾಖೆಗೆ ಪೂರ್ತಿಯಾಗಿ ದಾಟಿಸದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡಿತ್ತು ಎಂಬ ಸುದ್ದಿಯನ್ನು ಪತ್ರಿಕೆಗಳು ವರ್ಷ ವರ್ಷವೂ ಬರೆದಿವೆ. ಓದಿಗೆಂದು ನಮ್ಮಿಂದ ಪಡೆದ ದುಡ್ಡದು. ಇರುವ ಶಾಖಾ ಗ್ರಂಥಾಲಯಗಳಿಗೆ ಹೋದರೆ ಅಲ್ಲಿ ದಿನಪತ್ರಿಕೆ ಓದುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತ ಯುವಕರು. ಅವರು ಬರಲಿ, ಅದು ಅವರ ಹಕ್ಕು. ಎಂಟು ವರ್ಷದ ಹುಡುಗಿ ಒಬ್ಬಳೇ ನಡೆದುಹೋಗಿ, ನೆಲದ ಮೇಲೆ ಕುಳಿತು, ಬಣ್ಣದ ಚಿತ್ರದ ಪುಸ್ತಕ ತಿರುವಿ, ಬೇಕಾದ್ದನ್ನು ಮನೆಗೆ ಒಯ್ಯಬಲ್ಲ ಜಾಗ ಎಲ್ಲಿದೆ, ತೋರಿಸಿ.

ವಿಚಿತ್ರವೆಂದರೆ ಇದೇ ರಾಜ್ಯದ ಹಳ್ಳಿಗಳಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ತನ್ನ ಸುಪರ್ದಿಗೆ ತೆಗೆದುಕೊಂಡಿತು. 2020ರ ನವೆಂಬರಿನಲ್ಲಿ, ಶಾಲೆಗಳು ಮುಚ್ಚಿದ್ದ ಕಾಲದಲ್ಲೇ, ‘ಓದುವ ಬೆಳಕು’ ಅಭಿಯಾನ ಶುರುವಾಯಿತು. ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು, ಲಕ್ಷಗಟ್ಟಲೆ ಮಕ್ಕಳು ಸೇರಿದರು, ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾದವು, ಗೋಡೆಗಳಿಗೆ ಚಿತ್ರ ಬಂತು, ಮಕ್ಕಳ ಪುಸ್ತಕ ಬಂತು. ಎಲ್ಲ ಕಡೆ ಸರಿಯಾಗಿ ನಡೆಯುತ್ತಿದೆ ಎಂದಲ್ಲ, ಆದರೆ ಒಂದು ವ್ಯವಸ್ಥೆ ನಿಂತಿದೆ, ಕೇಳಲು ಒಂದು ಪಂಚಾಯಿತಿ ಇದೆ. ತಣಿಸಂದ್ರ ಹಳ್ಳಿಯಾಗಿಯೇ ಉಳಿದಿದ್ದರೆ ಅಲ್ಲಿನ ಮಕ್ಕಳಿಗೂ ಒಂದು ಅರಿವು ಕೇಂದ್ರದ ಪಾಲು ಇರುತ್ತಿತ್ತು. ಅದು ಬಿಬಿಎಂಪಿಯ 6ನೇ ವಾರ್ಡ್ ಆಯಿತು; ಈಗ ಬಿಬಿಎಂಪಿಯೂ ಹೋಗಿ ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಾಯಿತು, ಕರ ಹೆಚ್ಚಾಯಿತು, ಮಗುವಿನ ಕೈಗೆ ಪುಸ್ತಕ ಬರಲಿಲ್ಲ. ಅಕ್ಷರದ ಸಮಸ್ಯೆ ಹಳ್ಳಿಯದು ಎನ್ನುವವರು ಈ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡಲಿ.

ಮೂರನೆಯ ನಂಬಿಕೆ ಬುದ್ಧಿಮಾತಿನದು. ಜೂನ್ 19 ಬಂತೆಂದರೆ ನಮ್ಮ ಶಾಲೆಗಳಲ್ಲಿ ಓದುವ ದಿನ. ಬ್ಯಾನರ್, ಪ್ರತಿಜ್ಞೆ, ಅತಿಥಿಗೆ ಹಾರ, ಶಾಲು, ‘ಪುಸ್ತಕ ಮಸ್ತಕಕ್ಕೆ ಮಿತ್ರ’ ಎಂಬಂಥ ಮಾತು, ಗುಂಪುಚಿತ್ರ. ಆ ದಿನ ಯಾರ ನೆನಪಿನದು ಎಂದು ವೇದಿಕೆಯ ಮೇಲಿದ್ದವರಿಗೇ ಗೊತ್ತಿರುವುದು ಅಪರೂಪ. ಅದು ಕೇರಳದ ಪಿ.ಎನ್. ಪಣಿಕ್ಕರ್ ಅವರು ತೀರಿಕೊಂಡ ದಿನ. ಅವರು ಶಾಲಾ ಮೇಷ್ಟ್ರು. 1945ರಲ್ಲಿ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ಗ್ರಂಥಶಾಲಾ ಸಂಘ ಕಟ್ಟಿದರು. ಅದು ಬೆಳೆದು ಕೇರಳದ ಊರೂರಿಗೆ ಹಬ್ಬಿತು. ಓದಿ ಎಂದು ಹೇಳುವ ಮೊದಲು ಓದಲು ಜಾಗ ಮಾಡಿದ ಮನುಷ್ಯ ಅವರು. ನಾವು ಅವರ ತಾರೀಖನ್ನು ಆಮದು ಮಾಡಿಕೊಂಡೆವು, ಗ್ರಂಥಾಲಯಗಳನ್ನು ಅಲ್ಲೇ ಬಿಟ್ಟೆವು. ಓದಿನ ಬಗ್ಗೆ ನಾವು ಮಾಡುವ ಭಾಷಣ ಎಲೆ ಹಾಕದೆ, ಅನ್ನ ಬಡಿಸದೆ ಊಟದ ಮಹಿಮೆ ಹೇಳಿದ ಹಾಗೆ.

ಮೇಷ್ಟ್ರೂ ಲೇಖಕರೂ ಆಗಿದ್ದವರು ಮಕ್ಕಳ ಓದಿಗಾಗಿ ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲೇ ಮಾದರಿಗಳಿವೆ, ಕೇರಳದವರೆಗೆ ಹೋಗಬೇಕಿಲ್ಲ. ಜಿ.ಪಿ. ರಾಜರತ್ನಂ ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಹೋದಾಗ ಅವರಿಗೆ ಹೇಳಿಕೊಡಲು ತಕ್ಕ ಕನ್ನಡ ಪದ್ಯಗಳೇ ಇರಲಿಲ್ಲ. ಅವರು ಅದರ ಮೇಲೆ ಲೇಖನ ಬರೆದು ಕೂರಲಿಲ್ಲ, ಪದ್ಯ ಬರೆದರು. ‘ತುತ್ತೂರಿ’, ‘ಕಡಲೆಪುರಿ’ ಹಾಗೆ ಬಂದವು. ಒತ್ತಕ್ಷರಕ್ಕೆ ತಡವರಿಸದ ಪದ, ನಾಲಿಗೆಗೆ ಹತ್ತುವ ಲಯ, ಮಗುವಿಗೆ ಗೊತ್ತಿರುವ ವಸ್ತು: ಓದು ಕಲಿಸುವವನ ಎಲ್ಲ ಎಚ್ಚರವೂ ಆ ಪದ್ಯಗಳಲ್ಲಿದೆ. ಮುಂದೆ ಕಾಲೇಜಿನ ಮೇಷ್ಟ್ರಾದಾಗ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಲ್ಲಿ ವಿದ್ಯಾರ್ಥಿಗಳನ್ನು ಬರವಣಿಗೆಗೆ ಹಚ್ಚಿದರು. ತಮ್ಮನ್ನು ಸಾಹಿತ್ಯದ ಪರಿಚಾರಕ ಎಂದುಕೊಂಡವರು, 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪರಿಚಾರಕನ ಕೆಲಸ ಮಾಡಿದ ಮೇಲೆ ಅಧ್ಯಕ್ಷರ ಕುರ್ಚಿ ಬಂತು. ಈಗ ಕುರ್ಚಿ ಮೊದಲು.

ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಕರಾವಳಿಯ ಶಾಲೆಗಳನ್ನು ಕಂಡವರು. ತರಗತಿಯಲ್ಲಿ ಮಗು ಎಲ್ಲಿ ಎಡವುತ್ತದೆ ಎಂಬುದು ಕಣ್ಣಾರೆ ಗೊತ್ತಿದ್ದರಿಂದಲೇ ಅವರ ಕಥೆ, ಪದ್ಯಗಳು ಮಕ್ಕಳ ಬಾಯಲ್ಲಿ ಉಳಿದವು. ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು. ಅನುಪಮಾ ನಿರಂಜನ ‘ದಿನಕ್ಕೊಂದು ಕಥೆ’ಯನ್ನು ಹನ್ನೆರಡು ಸಂಪುಟಗಳಲ್ಲಿ ಬರೆದರು. ಬೆಂಗಳೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಎಲ್.ಎಸ್. ಶೇಷಗಿರಿರಾವ್ ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ-ಭಾರತಿ’ ಮಾಲೆಗೆ ಸಂಪಾದಕರಾಗಿ ಐನೂರಕ್ಕೂ ಹೆಚ್ಚು ಕಿರುಹೊತ್ತಿಗೆಗಳನ್ನು ತಂದರು. ಆ ಮಾಲೆಯ ಧೋರಣೆಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಶಾಲಾ ಹುಡುಗನ ಕಿಸೆಗೆ ಹಿಡಿಸುವ, ಒಂದು ಸಂಜೆಗೆ ಮುಗಿಯುವ ಪುಸ್ತಕವನ್ನು ಅಷ್ಟು ಸಂಖ್ಯೆಯಲ್ಲಿ ಕೊಟ್ಟರು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಇವರ್‍ಯಾರೂ ಮಕ್ಕಳನ್ನು ಬಯ್ಯುತ್ತ ಓದು ಬೆಳೆಸಲಿಲ್ಲ. ಪುಸ್ತಕ ಮಾಡಿದರು, ಮಕ್ಕಳ ಹತ್ತಿರಕ್ಕೆ ತಂದರು.

ಇವತ್ತಿನ ಕನ್ನಡದ ಲೇಖಕರಲ್ಲಿ ಮಕ್ಕಳಿಗಾಗಿ ಬರೆಯುವ ಒಳ್ಳೆಯ ಕೈಗಳು ಇಲ್ಲವೆಂದಲ್ಲ. ಅವರಿಗೆ ಮರ್ಯಾದೆಯಿಲ್ಲ, ಮಾರುಕಟ್ಟೆಯೂ ಇಲ್ಲ. ಸರ್ಕಾರದ ಸಗಟು ಖರೀದಿ ಪುಟದ ಲೆಕ್ಕದಲ್ಲಿ ಬೆಲೆ ಕಟ್ಟುತ್ತದೆ. ಐನೂರು ಪುಟದ ಕಾದಂಬರಿಗೂ ಹದಿನಾರು ಪುಟದ ಚಿತ್ರಪುಸ್ತಕಕ್ಕೂ ಒಂದೇ ತಕ್ಕಡಿ. ಚಿತ್ರಕಾರನಿಗೆ ಕೊಡಬೇಕಾದ ಸಂಭಾವನೆ, ಬಣ್ಣದ ಮುದ್ರಣ, ದಪ್ಪ ಕಾಗದ ಇವೆಲ್ಲ ಆ ತಕ್ಕಡಿಯಲ್ಲಿ ತೂಗುವುದು ಕಷ್ಟ. ಓದು ಕಲಿಯುತ್ತಿರುವ ಮಗುವಿಗೆ ಬೇಕಾದದ್ದೇ ಆ ಹದಿನಾರು ಪುಟದ ಪುಸ್ತಕ. ಅದೂ ಮನೆಯಲ್ಲಿ ಉರ್ದು, ತೆಲುಗು, ಹಿಂದಿ ಆಡುವ ತಣಿಸಂದ್ರದ ಮಗುವಿಗೆ ಕನ್ನಡ ಹತ್ತಿರವಾಗಬೇಕಾದರೆ ಪುಟಕ್ಕೊಂದು ವಾಕ್ಯ, ವಾಕ್ಯಕ್ಕೊಂದು ಚಿತ್ರದ ಪುಸ್ತಕ ಬೇಕು. ಒಂದನೆಯ ಇಲ್ಲವೆ ಎರಡನೆಯ ಭಾಷೆಯಾಗಿ ಕನ್ನಡವನ್ನು ಕಡ್ಡಾಯ ಮಾಡುವ ಕಾಯ್ದೆಯನ್ನು 2015ರಲ್ಲಿ ತಂದೆವು. ಹಾಗೆ ಕಲಿಯುವ ಮಗು ಪಾಠದಾಚೆ ಖುಷಿಗಾಗಿ ಏನು ಓದಬೇಕು ಎಂದು ಕಾಯ್ದೆ ಬರೆದವರು ಕೇಳಿಕೊಳ್ಳಲಿಲ್ಲ.

ಈಗ ಎದುರು ವಾದಗಳು. ‘ಇದೆಲ್ಲ ಇಂಗ್ಲಿಷ್ ಮೀಡಿಯಂ ತಂದ ಪೀಡೆ, ಕನ್ನಡ ಮಾಧ್ಯಮ ಇದ್ದಿದ್ದರೆ ಓದು ಉಳಿಯುತ್ತಿತ್ತು’ ಎನ್ನುವವರಿದ್ದಾರೆ. ಮನೆಯ ಭಾಷೆಯಲ್ಲಿ ಓದು ಬೇಗ ಬರುತ್ತದೆ ಎಂಬುದು ನಿಜ. ಆದರೆ 1982ರ ಗೋಕಾಕ್ ಚಳವಳಿಯಿಂದ ಶಾಲಾ ಮಾಧ್ಯಮ ಕುರಿತ 2014ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ, ಅಲ್ಲಿಂದ ಇಲ್ಲಿಯವರೆಗೆ, ನಾವು ಜಗಳವಾಡಿದ್ದು ಯಾವ ಭಾಷೆ, ಯಾವ ಮಾಧ್ಯಮ ಎಂದು. ಯಾವ ಮಾಧ್ಯಮದಲ್ಲಾದರೂ ಮಗು ಓದುತ್ತದೆಯೇ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ತಿಂಗಳಿಗೆ ಸಾವಿರಾರು ರೂಪಾಯಿ ಫೀಸು ಕಟ್ಟಿ ಇಂಗ್ಲಿಷ್ ಶಾಲೆಗೆ ಕಳಿಸಿದ ಆಟೊ ಚಾಲಕನ ಮಗನಿಗೆ ಇಂಗ್ಲಿಷ್ ಪುಟವೂ ಓದಲು ಬರುವುದಿಲ್ಲ, ಕನ್ನಡದ್ದೂ ಬರುವುದಿಲ್ಲ. ಆ ತಂದೆಗೆ ಮೋಸವಾಗಿದೆ. ಅವನಿಗೆ ಭಾಷಾಭಿಮಾನದ ಪಾಠ ಹೇಳುವುದು ಗಾಯದ ಮೇಲೆ ಉಪ್ಪು.

ಎರಡನೆಯ ವಾದ ಇದಕ್ಕಿಂತ ಗಟ್ಟಿ, ಹಾಗಾಗಿ ಅದನ್ನು ನೇರವಾಗಿ ಎದುರಿಸಬೇಕು. ‘ಗ್ರಂಥಾಲಯ ಇಟ್ಟರೆ ಓದು ಬರುತ್ತದೆ ಎಂಬುದಕ್ಕೆ ಸಾಕ್ಷಿ ಎಲ್ಲಿದೆ?’ ಬೆಂಗಳೂರಿನ ಅಕ್ಷರ ಫೌಂಡೇಷನ್ ಕರ್ನಾಟಕದ ಶಾಲೆಗಳಲ್ಲಿ ನಡೆಸಿದ ಗ್ರಂಥಾಲಯ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರಾದ ಬೋರ್ಕಮ್, ಹೆ ಮತ್ತು ಲಿಂಡನ್ ಅಳೆದು 2012ರಲ್ಲಿ ವರದಿ ಮಾಡಿದರು. 16 ತಿಂಗಳ ನಂತರವೂ ಮಕ್ಕಳ ಭಾಷಾ ಕೌಶಲದಲ್ಲಿ ಒಟ್ಟಾರೆ ಏರಿಕೆ ಕಾಣಲಿಲ್ಲ. ಆಗಾಗ ಬಂದುಹೋಗುವ ಗ್ರಂಥಪಾಲಕರಿದ್ದ ಕಡೆ ಅಂಕ ತುಸು ಇಳಿದೇ ಇತ್ತು. ಈ ಫಲಿತಾಂಶವನ್ನು ಮುಚ್ಚಿಡುವುದು ಬೇಡ. ಆದರೆ ಅದೇ ಲಿಂಡನ್ ಇತರರೊಂದಿಗೆ ಫಿಲಿಪೀನ್ಸಿನ ತಾರ್ಲಕ್ ಪ್ರಾಂತದಲ್ಲಿ ಅಳೆದ ಮತ್ತೊಂದು ಕಾರ್ಯಕ್ರಮವನ್ನೂ ನೋಡಬೇಕು. ಅಲ್ಲಿ ನಾಲ್ಕನೇ ತರಗತಿಗಳಿಗೆ ವಯಸ್ಸಿಗೆ ತಕ್ಕ ಕಥೆಪುಸ್ತಕ ಕೊಟ್ಟರು, ಶಿಕ್ಷಕರಿಗೆ ತರಬೇತಿ ಕೊಟ್ಟರು, 31 ದಿನ ತರಗತಿಯ ಹೊತ್ತಿನಲ್ಲೇ ಓದಿಸಿದರು. ಮಕ್ಕಳ ಓದು ಸುಧಾರಿಸಿತು. ಎರಡನ್ನೂ ಒಟ್ಟಿಗೆ ಇಟ್ಟರೆ ಪಾಠ ಸ್ಪಷ್ಟ. ಪುಸ್ತಕದ ಬೀರು ಶಾಲೆಗೆ ಬಂದ ಮಾತ್ರಕ್ಕೆ ಓದು ಬರುವುದಿಲ್ಲ. ಪುಸ್ತಕ, ಅದಕ್ಕೆ ಮೀಸಲಾದ ಹೊತ್ತು, ಪಕ್ಕದಲ್ಲಿ ಕೂರುವ ಶಿಕ್ಷಕಿ, ಈ ಮೂರೂ ಕೂಡಬೇಕು. ಬೀಗ ಹಾಕಿದ ಬೀರುವಿನ ಕೀಲಿ ಹೆಡ್ ಮಾಸ್ಟರ ಟೇಬಲ್ಲಿನಲ್ಲಿರುವ ಶಾಲೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ವಾದ ಶಿಕ್ಷಕರದು. ‘ಪೋರ್ಷನ್ ಮುಗಿಸುವುದೇ ಕಷ್ಟ ಸರ್, ಓದಿಸಲು ಟೈಮ್ ಎಲ್ಲಿ?’ ಇದು ನೆಪವಲ್ಲ, ಸತ್ಯ. ಎಫ್‌ಎ, ಎಸ್‌ಎ ಪರೀಕ್ಷೆಗಳು, ಆನ್‌ಲೈನ್ ಎಂಟ್ರಿ, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲವೂ ಅವರ ತಲೆ ಮೇಲೆ. ಅದಕ್ಕೇ ಹೇಳುತ್ತಿರುವುದು, ಓದನ್ನು ಶಿಕ್ಷಕಿಯ ಒಳ್ಳೆಯತನಕ್ಕೆ ಬಿಡಬಾರದು, ವೇಳಾಪಟ್ಟಿಯಲ್ಲಿ ಬರೆಯಬೇಕು. 2021ರಲ್ಲಿ ಬಂದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಎಂಬ ಗುರಿ ಇಟ್ಟಿದೆ, ಅದಕ್ಕೆ 2026-27ರ ಗಡುವನ್ನೂ ಕೊಟ್ಟಿದೆ. ಗುರಿ ಇದೆ, ಗಡುವು ಇದೆ, ದಿನದ ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಇಲ್ಲ. ಓದು ಬಾರದ ಮಗುವಿಗೆ ಸಮಾಜ, ವಿಜ್ಞಾನದ ಪೋರ್ಷನ್ ಮುಗಿದರೇನು, ಬಿಟ್ಟರೇನು?

ಹಾಗಾದರೆ ಕೇಳಬೇಕಾದದ್ದು ಇಷ್ಟು. ತಣಿಸಂದ್ರದಂಥ ಪ್ರತಿ ವಾರ್ಡಿಗೆ ಮಕ್ಕಳು ನಡೆದು ಹೋಗಬಲ್ಲ ಒಂದು ಮಕ್ಕಳ ಗ್ರಂಥಾಲಯ, ಅದೂ ಈಗಾಗಲೇ ನಮ್ಮಿಂದ ವಸೂಲು ಮಾಡಿರುವ ಕರದಿಂದಲೇ. ಹಳೆಯ ಬಾಕಿಯನ್ನು ಹೊಸ ಪಾಲಿಕೆಗಳು ತೀರಿಸಲಿ. ಹೆಸರು ಬದಲಾದರೆ ಸಾಲ ತೀರುವುದಿಲ್ಲ. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಶಾಲೆಗಳಲ್ಲಿ ದಿನಕ್ಕೆ ಅರ್ಧ ಗಂಟೆ ಓದಿನ ಹೊತ್ತು, ಪರೀಕ್ಷೆಯಿಲ್ಲದ, ನೋಟ್ಸಿಲ್ಲದ ಹೊತ್ತು. ವರ್ಷಕ್ಕೊಮ್ಮೆಯಾದರೂ ಪ್ರತಿ ಮಗುವನ್ನೂ ಕೂರಿಸಿ ಕಾಣದ ಪುಟ ಓದಿಸಿ, ಫಲಿತಾಂಶವನ್ನು ಪೋಷಕರಿಗೆ ಹೇಳುವುದು. ಮಕ್ಕಳ ಪುಸ್ತಕಕ್ಕೆ ಪುಟದ ಲೆಕ್ಕ ಬಿಟ್ಟ ಬೇರೆ ಖರೀದಿ ನೀತಿ. ಇದರಲ್ಲಿ ಯಾವುದೂ ಆಗದ ಹೋಗದ ಕೆಲಸವಲ್ಲ. ನಮ್ಮ ಗ್ರಾಮ ಪಂಚಾಯಿತಿಗಳು ಇದರಲ್ಲಿ ಅರ್ಧವನ್ನು ಮಾಡಿ ತೋರಿಸಿವೆ.

ಲೇಖಕ ಮಿತ್ರರಲ್ಲಿ ಒಂದು ಬೇಡಿಕೆ. ಮುಂದಿನ ಸಲ ಶಾಲೆಯವರು ಅತಿಥಿಯಾಗಿ ಕರೆದರೆ ಭಾಷಣ ಬಿಡಿ, ಒಂದು ತರಗತಿಗೆ ಹೋಗಿ ಒಂದು ಕಥೆಯನ್ನು ಗಟ್ಟಿಯಾಗಿ ಓದಿ. ಆಮೇಲೆ ಅದೇ ಪುಟವನ್ನು ಮಕ್ಕಳ ಕೈಗೆ ಕೊಟ್ಟು ಅವರು ಓದುವುದನ್ನು ಕೇಳಿಸಿಕೊಳ್ಳಿ. ಹಿಂದಿನ ಬೆಂಚಿನವರದನ್ನೂ ಕೇಳಿ. ಶಾಲಿನ ದುಡ್ಡಿಗೆ ನಾಲ್ಕು ಪುಸ್ತಕ ಕೊಳ್ಳಲು ಶಾಲೆಯವರಿಗೆ ಹೇಳಿ. ಪೋಷಕರಲ್ಲಿ ಇನ್ನೊಂದು ಬೇಡಿಕೆ. ಆಸ್ತಿ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರದ ಸಾಲನ್ನು ಹುಡುಕಿ, ಆ ದುಡ್ಡು ಎಲ್ಲಿ ಹೋಯಿತೆಂದು ಪಾಲಿಕೆಗೆ ಬರೆದು ಕೇಳಿ. ಅಲ್ಲಿಯವರೆಗೆ, ದಯವಿಟ್ಟು, ಮಕ್ಕಳನ್ನು ಬಯ್ಯುವುದನ್ನು ನಿಲ್ಲಿಸಿ. ಅವರಿಗೆ ಓದು ಕಲಿಸದೆ, ಪುಸ್ತಕ ಕೊಡದೆ, ಹೊತ್ತು ಕೊಡದೆ ‘ಓದುವುದಿಲ್ಲ’ ಎಂದು ದೂರುವ ಹಕ್ಕು ಈ ನಗರಕ್ಕಿಲ್ಲ.